ಮುಚ್ಚಳ ತೆಗೆಯದಿರಿ

ಕೊಂಬಣ್ಣ ಎಂಬ ಹೆಸರನ್ನು ಅವನಿಗೆ ಇಟ್ಟವರು ಅಪ್ಪ ಅಮ್ಮ ಅಲ್ಲ, ಅಚ್ಚುಕೂಟದವರು. ಅಲ್ಲಿ ಅವನದು ಕರಡು ತಿದ್ದುವ ಕೆಲಸ. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಹಾಳೆಗಳನ್ನು ಮುಂದಿಟ್ಟುಕೊಂಡು, ಬಿದ್ದ ಅಕ್ಷರ ಎತ್ತಿ ನಿಲ್ಲಿಸಿ, ಹೆಚ್ಚಾದದ್ದನ್ನು ಕಿತ್ತು, ಕೊಂಬಿಲ್ಲದ ಕಡೆ ಕೆಂಪು ಪೆನ್ನಿನಿಂದ ಕೊಂಬು ಕೊಡುವುದು. ಇಪ್ಪತ್ತೊಂಬತ್ತು ವರ್ಷ ಕೊಂಬು ಕೊಟ್ಟೂ ಕೊಟ್ಟೂ ಒಂದೆರಡು ಅವನ ತಲೆಯ ಮೇಲೂ ಉಳಿದುಕೊಂಡಿವೆ ಎಂದು ಅವನ ಹೆಂಡತಿ ಹೇಳುತ್ತಿದ್ದಳು. ಅವಳು ಸುಳ್ಳು ಹೇಳುವವಳಲ್ಲ.

ತಪ್ಪು ಕಂಡರೆ ಅವನ ಕೈ ತುರಿಸುತ್ತಿತ್ತು. ಜ್ವರ ಬಂದು ಮಲಗಿದ್ದಾಗಲೂ ಔಷಧದ ಸೀಸೆಯ ಚೀಟಿ ತಿದ್ದಿಯೇ ಔಷಧ ಕುಡಿದವನು. ಮೇಲಿನ ಮನೆಯಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಇದ್ದರು. ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಅವರು ದೂರು ಬರೆದು, ಒಮ್ಮೆ ನೋಡಿ ಎಂದು ಕೊಟ್ಟರೆ, ಕೊಂಬಣ್ಣ ಹತ್ತೊಂಬತ್ತು ಕಡೆ ಕೆಂಪು ಮಾಡಿ ಹಿಂದಿರುಗಿಸಿದ. ನೀರು ಬರಲಿಲ್ಲ. ಆದರೆ ಅಷ್ಟು ಶುದ್ಧವಾದ ದೂರು ಆ ಕಚೇರಿಗೆ ಹಿಂದೆಂದೂ ಹೋಗಿರಲಿಕ್ಕಿಲ್ಲ.

ಅಚ್ಚುಕೂಟದಲ್ಲಿ ಒಂದು ನಿಯಮವಿತ್ತು. ಕರಡು ತಿದ್ದುವವರಿಗೆ ಎಲ್ಲಾದರೂ ಸಂಶಯ ಬಂದರೆ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು, ಆಮೇಲೆ ಬರೆದವರನ್ನು ಕೇಳಬೇಕು. ಕೊಂಬಣ್ಣ ತನ್ನ ಸೇವಾವಧಿಯಲ್ಲಿ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದವನಲ್ಲ. ಕೇಳುವುದು ಗೊತ್ತಿಲ್ಲದವರ ಕೆಲಸ ಎಂಬುದು ಅವನ ಸಿದ್ಧಾಂತ. ಅದನ್ನು ಅವನು ಬಾಯಿಬಿಟ್ಟೇ ಹೇಳುತ್ತಿದ್ದ, ಅದೂ ಊಟದ ಹೊತ್ತಿಗೆ, ಎಲ್ಲರೂ ಡಬ್ಬಿ ಬಿಚ್ಚಿ ಕೂತಾಗ.

ಇಷ್ಟು ಹೆಮ್ಮೆಯ ಮನುಷ್ಯನಿಗೆ ಒಂದೇ ಒಂದು ಕೊರಗಿತ್ತು. ಪುಸ್ತಕದ ನಾಲ್ಕನೆಯ ಪುಟದಲ್ಲಿ ಬರೆದವರ ಹೆಸರಿರುತ್ತದೆ, ಅಚ್ಚು ಮಾಡಿದವರದ್ದಿರುತ್ತದೆ, ಮುಖಪುಟದ ಚಿತ್ರ ಬಿಡಿಸಿದವರದ್ದಿರುತ್ತದೆ. ಕಾಗದ ಎಷ್ಟು ದಪ್ಪ ಎಂಬುದಕ್ಕೂ ಅಲ್ಲಿ ಒಂದು ಸಾಲು ಜಾಗವಿದೆ. ಕರಡು ತಿದ್ದಿದವನಿಗಿಲ್ಲ. ಸಾವಿರಾರು ಜನರ ಹೆಸರಿನ ಕಾಗುಣಿತ ಸರಿಮಾಡಿದ ಕೊಂಬಣ್ಣ ತನ್ನ ಹೆಸರನ್ನು ಅಚ್ಚಿನಲ್ಲಿ ಒಮ್ಮೆಯೂ ನೋಡಿರಲಿಲ್ಲ. ನೋಡಬೇಕು ಎಂಬ ಆಸೆ ಮಾತ್ರ ವರ್ಷ ಕಳೆದಂತೆ ಬಲಿಯುತ್ತಿತ್ತು.

ಹೀಗಿರುವಾಗ ಅವನ ಮೇಜಿಗೆ ‘ಸಿಪ್ಪೆಯಿಂದ ಶುಚಿ’ ಎಂಬ ಪುಸ್ತಕದ ಕರಡು ಬಂತು. ಬರೆದವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಒಬ್ಬ ಮೇಡಂ. ಅಂಗಡಿಯ ಪುಡಿ, ದ್ರಾವಣ, ಘಾಟು ವಾಸನೆಯ ಸೀಸೆ ಒಂದೂ ಇಲ್ಲದೆ ಮನೆಯನ್ನು ಸ್ವಚ್ಛವಾಗಿಡುವುದು ಹೇಗೆ, ಅಡುಗೆಮನೆಯ ಕಸ ಬೀದಿಗೆ ಹೋಗದಂತೆ ನೋಡಿಕೊಳ್ಳುವುದು ಹೇಗೆ ಎಂದು ಎಪ್ಪತ್ತೆರಡು ಪುಟಗಳಲ್ಲಿ ತಿಳಿಸಿದ್ದರು. ಬೇರೆಯವರು ಪುಸ್ತಕವನ್ನು ಒಮ್ಮೆ ಓದಿ ಪಕ್ಕಕ್ಕಿಡುತ್ತಾರೆ. ಕರಡು ತಿದ್ದುವವನು ಮೂರು ಸಲ ಓದಬೇಕು. ಮೊದಲ ಓದಿನಲ್ಲಿ ಕೊಂಬಣ್ಣ ತಪ್ಪು ಹುಡುಕಿದ. ಎರಡನೆಯ ಓದಿನಲ್ಲಿ ತಲೆದೂಗಿದ. ಮೂರನೆಯ ಓದು ಮುಗಿಯುವ ಹೊತ್ತಿಗೆ ಪೂರ್ತಿ ಮತಾಂತರವಾಗಿದ್ದ.

ಎಡವಟ್ಟಾದದ್ದು ಆ ಮೂರನೆಯ ಓದಿನಲ್ಲಿ, ಪುಟ ನಲವತ್ತೇಳು, ಸಾಲು ಹನ್ನೊಂದರಲ್ಲಿ. ಅಲ್ಲಿ ನಿಂಬೆ, ಕಿತ್ತಳೆ ಸಿಪ್ಪೆಗಳಿಂದ ನೆಲ ಒರೆಸುವ ದ್ರಾವಣ ಮಾಡುವ ಕ್ರಮವಿತ್ತು. ಮೂರು ಪಾಲು ಸಿಪ್ಪೆ, ಒಂದು ಪಾಲು ಬೆಲ್ಲ, ಹತ್ತು ಪಾಲು ನೀರು. ಬಾಟಲಿಗೆ ತುಂಬಿ ಮುಚ್ಚಳ ಬಿಗಿಯಾಗಿ ಹಾಕಿ. ತಿಂಗಳು ತುಂಬುವವರೆಗೂ ಆಗಾಗ ಮುಚ್ಚಳ ತೆಗೆಯಿರಿ.

ಕೊಂಬಣ್ಣನ ಪೆನ್ನು ನಿಂತಿತು. ಬಿಗಿಯಾಗಿ ಹಾಕಿ ಎಂದವರೇ ಮರುಸಾಲಿನಲ್ಲಿ ತೆಗೆಯಿರಿ ಎನ್ನುವುದುಂಟೆ? ಆಗಾಗ ತೆಗೆಯುವ ಮುಚ್ಚಳವನ್ನು ಬಿಗಿಯಾಗಿ ಹಾಕುವುದಾದರೂ ಏತಕ್ಕೆ? ಅಕ್ಷರ ಜೋಡಿಸುವಾಕೆ ಎಂದಿನಂತೆ ಏನೋ ನುಂಗಿದ್ದಾಳೆ ಎಂದು ಅವನಿಗೆ ಕ್ಷಣದಲ್ಲಿ ಹೊಳೆಯಿತು. ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುವಷ್ಟು ಜಾಗ ಧಾರಾಳವಾಗಿತ್ತು. ಮೇಡಂ ಮನೆಯ ಫೋನ್ ನಂಬರು ಕರಡಿನ ಮೇಲೇ ಬರೆದಿತ್ತು. ಅವನು ‘ಯಿ’ಯ ಗುಡಿಸನ್ನು ಕಿತ್ತು, ಪಕ್ಕದಲ್ಲಿ ದುಂಡಗೆ ಒಂದು ‘ದಿ’ ಬರೆದ. ತೆಗೆಯಿರಿ ಎಂಬುದು ತೆಗೆಯದಿರಿ ಆಯಿತು. ಒಂದು ಪುಸ್ತಕದ ಮಾನ ಉಳಿಸಿದ ತೃಪ್ತಿಯಲ್ಲಿ ಅವನು ಅಂದು ಎರಡು ಲೋಟ ಚಹಾ ಕುಡಿದ.

ಪುಸ್ತಕ ಅಚ್ಚಾಯಿತು. ಬಾಯಿಪಾಠವಾಗಿದ್ದ ತಮ್ಮದೇ ಪುಸ್ತಕವನ್ನು ಮೇಡಂ ಮತ್ತೆ ಓದಲು ಹೋಗಲಿಲ್ಲ. ಅಲ್ಲಲ್ಲಿ ತೆರೆದು, ಅಲ್ಪವಿರಾಮಗಳೆಲ್ಲ ಸಾಲಾಗಿ ಕೂತಿರುವುದನ್ನು ಕಂಡು ಖುಷಿಪಟ್ಟು, ಇಷ್ಟು ಚೊಕ್ಕವಾಗಿ ತಿದ್ದಿದವರು ಯಾರು ಎಂದು ಕೇಳಿದರು. ಅಚ್ಚುಕೂಟದ ಯಜಮಾನರು ಮೂಲೆಯ ಮೇಜಿನ ಕಡೆ ಬೆರಳು ಮಾಡಿದರು. ಮೇಡಂ ನೇರವಾಗಿ ಅಲ್ಲಿಗೆ ಬಂದರು. ಪುಸ್ತಕ ಬಿಸಿಬಿಸಿಯಾಗಿ ಖರ್ಚಾಗುತ್ತಿದೆಯೆಂದೂ, ಎರಡನೆಯ ಮುದ್ರಣ ಹತ್ತಿರದಲ್ಲೇ ಇದೆಯೆಂದೂ, ಅದರ ನಾಲ್ಕನೆಯ ಪುಟದಲ್ಲಿ ಕರಡು ತಿದ್ದಿದವರ ಹೆಸರು ಇದ್ದೇ ಇರುತ್ತದೆಯೆಂದೂ ಹೇಳಿದರು. ಕೊಂಬಣ್ಣ ಎದ್ದು ನಿಲ್ಲುವುದನ್ನು ಮರೆತ. ಆಮೇಲೆ ಎದ್ದು ನಿಂತವನು ಕೂರುವುದನ್ನು ಮರೆತ.

ಆ ದಿನದಿಂದ ಮನೆ ಮನೆಯಾಗಿ ಉಳಿಯಲಿಲ್ಲ, ಪುಸ್ತಕದ ಪ್ರಾತ್ಯಕ್ಷಿಕೆಯಾಯಿತು. ನೆಲ ಒರೆಸುವ ಸೀಸೆ, ಪಾತ್ರೆ ಉಜ್ಜುವ ಪುಡಿ, ಕನ್ನಡಿ ಒರೆಸುವ ನೀಲಿ ನೀರು ಎಲ್ಲ ಹೊರಬಿದ್ದವು. ಬಚ್ಚಲಿನ ಕಿಟಕಿಯಲ್ಲಿ ಅಡುಗೆ ಸೋಡಾ, ಕನ್ನಡಿಯ ಮುಂದೆ ಅರ್ಧ ಹೋಳು ನಿಂಬೆ, ಜಗಲಿಯಲ್ಲಿ ತರಕಾರಿ ಸಿಪ್ಪೆ ಕೊಳೆಯುವ ಮಡಕೆ. ಹಳೆಯ ಅಂಗಿ ಹರಿದು ಚೀಲವಾಯಿತು, ಚೀಲ ಹರಿದು ಒರೆಸುವ ಬಟ್ಟೆಯಾಯಿತು. ಅಂಗಿ ಇನ್ನೂ ಹಳತಾಗಿರಲಿಲ್ಲ ಎಂಬುದು ಹೆಂಡತಿಯ ವಾದ. ಇವೆಲ್ಲಕ್ಕೂ ಕಿರೀಟವಿಟ್ಟಂತೆ ಸಿಪ್ಪೆಯ ಬಾಟಲಿಗಳು, ಒಟ್ಟು ಇಪ್ಪತ್ಮೂರು. ಮಂಚದ ಕೆಳಗೆ ಒಂಬತ್ತು, ಪುಸ್ತಕದ ಕಪಾಟಿನಲ್ಲಿ ಆರು, ಉಳಿದವು ಅಡುಗೆಮನೆಯ ಅಟ್ಟದಲ್ಲಿ. ಬಿಸಾಡಿದ್ದ ಜ್ಯೂಸ್ ಬಾಟಲಿಗಳನ್ನೇ ತೊಳೆದು ಬಳಸಿದ್ದರಿಂದ ಅದರಲ್ಲೂ ಪುಣ್ಯವಿತ್ತು. ಪ್ರತಿ ಮುಚ್ಚಳವನ್ನೂ ಕೊಂಬಣ್ಣ ಹಲ್ಲು ಕಚ್ಚಿ, ಮುಖ ಕೆಂಪಗೆ ಮಾಡಿಕೊಂಡು, ಬಟ್ಟೆ ಸುತ್ತಿ ತಿರುಗಿಸಿದ್ದ.

ಹೆಂಡತಿಯ ವಿಷಯ ಇಲ್ಲಿ ಹೇಳಬೇಕು. ಬೀದಿಯ ಮೂಲೆಯಲ್ಲಿ ಅವಳಿಗೊಂದು ಕುಕ್ಕರ್ ರಿಪೇರಿ ಅಂಗಡಿಯಿತ್ತು. ಅಪ್ಪನಿಂದ ಕಲಿತ ವಿದ್ಯೆ. ಮುಚ್ಚಳದ ಮೇಲೆ ಅಂಗೈ ಇಟ್ಟರೆ ಸಾಕು, ರಬ್ಬರು ಸವೆದಿದೆಯೋ ರಂಧ್ರ ಕಟ್ಟಿದೆಯೋ ಹೇಳಿಬಿಡುತ್ತಿದ್ದಳು. ಬೀದಿಯ ಅರ್ಧ ಅಡುಗೆಮನೆಗಳು ಅವಳ ಕೈಯಿಂದ ಸುರಕ್ಷಿತವಾಗಿದ್ದವು. ಕೊಂಬಣ್ಣನಿಗೆ ಆ ಅಂಗಡಿಯಲ್ಲಿ ಕಂಡಿದ್ದು ಒಂದೇ, ಹಲಗೆಯ ಮೇಲೆ ‘ರಿಪೇರಿ’ಯ ‘ಪೇ’ಗೆ ದೀರ್ಘ ಬಿದ್ದುಹೋಗಿದೆ ಎಂಬುದು.

ಎರಡನೆಯ ವಾರ ಅವಳು ಕಸ ಗುಡಿಸಲು ಮಂಚದ ಕೆಳಗೆ ಬಗ್ಗಿದಳು. ಬಗ್ಗಿದವಳು ಬೇಗ ಏಳಲಿಲ್ಲ. ಒಂದು ಬಾಟಲಿಯ ಮೇಲೆ ಬೆರಳಿಟ್ಟು ಒತ್ತಿ ನೋಡಿದಳು. ಅದು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ತಳ ಉಬ್ಬಿ, ನಿಲ್ಲಿಸಿದರೆ ಪಕ್ಕಕ್ಕೆ ಉರುಳುತ್ತಿತ್ತು.

"ಇವಕ್ಕೆಲ್ಲ ಹೊಟ್ಟೆ ಬಂದಿದೆ. ಒಳಗಿನ ಗಾಳಿ ಎಲ್ಲಿಗೆ ಹೋಗತ್ತೆ?" ಎಂದಳು.

ಮೈ ಕೈ ತುಂಬಿಕೊಂಡಿವೆ, ಸಾರ ಕಟ್ಟುತ್ತಿದೆ ಎಂದು ಕೊಂಬಣ್ಣ ಸಮಾಧಾನ ಹೇಳಿದ. ಅವಳು ಒಪ್ಪಲಿಲ್ಲ. ಮುಚ್ಚಳ ಸ್ವಲ್ಪ ಸಡಿಲ ಮಾಡುತ್ತೇನೆ ಎಂದು ಕೈ ಹಾಕಿದಳು. ಅವನು ಓಡಿಹೋಗಿ ಪುಸ್ತಕ ತಂದು, ನಲವತ್ತೇಳನೆಯ ಪುಟ ತೆರೆದು, ಹನ್ನೊಂದನೆಯ ಸಾಲಿನ ಕೆಳಗೆ ಬೆರಳಿಟ್ಟು ಹಿಡಿದ.

"ನೋಡು, ಅಚ್ಚಾಗಿದೆ."

"ಅಚ್ಚಾಗಿರಬಹುದು. ಗಾಳಿ ಅದನ್ನ ಓದಿದೆಯಾ?" ಎಂದು ಅವಳು ಕೇಳಿದಳು.

ಇಂಥ ಪ್ರಶ್ನೆಗೆ ಉತ್ತರ ಕೊಡುವುದು ಘನತೆಗೆ ಕಡಿಮೆ ಎಂದು ಕೊಂಬಣ್ಣ ಪುಸ್ತಕ ಮುಚ್ಚಿ ಕಪಾಟಿಗೆ ಮರಳಿಸಿದ. ಅವಳು ತನ್ನ ಹಾಸಿಗೆಯನ್ನು ಮಂಚದಿಂದ ಎತ್ತಿ ನಡುಮನೆಯಲ್ಲಿ ಹಾಸಿಕೊಂಡಳು. ಅದು ಮುನಿಸು ಎಂದು ಅವನು ತಿಳಿದ. ಮುನಿಸಲ್ಲ, ಮುಂಜಾಗ್ರತೆ.

ತಾನೊಬ್ಬನೇ ಉದ್ಧಾರವಾದರೆ ಸಾಲದು ಎಂದು ಕೊಂಬಣ್ಣ ಪುಸ್ತಕದ ಪ್ರತಿಗಳನ್ನು ಬೀದಿಯ ಮನೆಮನೆಗೂ ಮುಟ್ಟಿಸಿದ್ದ. ಮುಟ್ಟಿಸಿ ಬಿಡುವ ಜನ ಬೇರೆ. ಇವನು ಸಂಜೆ ಸಂಜೆ ಹೋಗಿ, ಮುಚ್ಚಳ ಯಾರಾದರೂ ತೆಗೆದಿದ್ದಾರೆಯೇ ಎಂದು ತಪಾಸಣೆ ಮಾಡುತ್ತಿದ್ದ. ಎದುರುಮನೆಯ ದರ್ಜಿ ಕುತೂಹಲ ತಡೆಯಲಾರದೆ ಒಮ್ಮೆ ತೆಗೆದು ಮೂಸಿ ನೋಡಿದ್ದಕ್ಕೆ ಕಾಲು ಗಂಟೆ ಉಪದೇಶ ಕೇಳಿಸಿಕೊಳ್ಳಬೇಕಾಯಿತು. ಮೇಲಿನ ಮನೆಯ ಕಂಡಕ್ಟರು ಮಾತ್ರ ಶಿಸ್ತಿನ ಮನುಷ್ಯ. ಏಳು ಬಾಟಲಿಗಳನ್ನು ಸೀಲಿಂಗ್ ಫ್ಯಾನಿನ ಕೆಳಗೆ ಸಾಲಾಗಿ ನಿಲ್ಲಿಸಿ, ಮುಚ್ಚಳಕ್ಕೆ ಟೇಪು ಬೇರೆ ಸುತ್ತಿದ್ದರು.

ಸುದ್ದಿ ಮೇಡಂಗೆ ಮುಟ್ಟಿತು. ಒಂದು ಇಡೀ ಬೀದಿ ತಮ್ಮ ಪುಸ್ತಕದಂತೆ ಬಾಳುತ್ತಿದೆ ಎಂದು ತಿಳಿದು ಅವರಿಗೆ ಕಣ್ಣು ತುಂಬಿ ಬಂತಂತೆ. ಅವರು ನಗರಸಭೆಯ ಆರೋಗ್ಯಾಧಿಕಾರಿಗೆ ಹೇಳಿದರು. ಅಧಿಕಾರಿಗಳಿಗೂ ಇಂಥದ್ದೊಂದು ಬೇಕಾಗಿತ್ತು. ಭಾನುವಾರ ಹತ್ತು ಗಂಟೆಗೆ ಇಬ್ಬರೂ ಬರುತ್ತಾರೆ, ಕೊಂಬಣ್ಣನ ಮನೆಯನ್ನು ನೋಡುತ್ತಾರೆ, ಎಲ್ಲ ಸರಿಯಿದ್ದರೆ ‘ಮಾದರಿ ಹಸಿರು ಮನೆ’ ಎಂಬ ಫಲಕ ಬಾಗಿಲಿಗೆ ಬೀಳುತ್ತದೆ ಎಂದಾಯಿತು. ಫಲಕದ ಮೇಲೆ ಹೆಸರಿರುತ್ತದೆಯೇ ಎಂದು ಅವನು ಎರಡು ಸಲ ವಿಚಾರಿಸಿಕೊಂಡ. ಇರುತ್ತದೆ ಎಂದರು. ನಾಲ್ಕನೆಯ ಪುಟದಲ್ಲೊಂದು, ಬಾಗಿಲ ಮೇಲೊಂದು. ಕೊಂಬಣ್ಣ ಆ ವಾರವಿಡೀ ನೆಲದಿಂದ ಒಂದು ಗೇಣು ಮೇಲೆ ನಡೆದ.

ಭಾನುವಾರ ಹತ್ತಕ್ಕೆ ಸರಿಯಾಗಿ ಅವರು ಬಂದರು. ಮೇಡಂ ಸಣ್ಣ ಆಳು, ಬೆಳ್ಳಿ ಕೂದಲು, ಕೈಯಲ್ಲಿ ಬಟ್ಟೆಯ ಚೀಲ. ಆರೋಗ್ಯಾಧಿಕಾರಿ ದೊಡ್ಡ ಆಳು, ಕೈಯಲ್ಲಿ ಫಾರಮುಗಳ ಕಟ್ಟು. ಬೀದಿಯ ಜನ ಬಾಗಿಲಲ್ಲಿ ನೆರೆದಿದ್ದರು. ಕಂಡಕ್ಟರು ತಮ್ಮ ಹಳೆಯ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಬಂದು, ಬಾಗಿಲ ಬಳಿ ನಿಲ್ಲಬೇಡಿ, ಒಳಗೆ ಜಾಗ ಇದೆ, ಮುಂದೆ ಹೋಗಿ ಎಂದು ಜನರನ್ನು ಸರಿಸುತ್ತಿದ್ದರು. ಒಳಗೆ ಜಾಗ ಇರಲಿಲ್ಲ.

ಕೊಂಬಣ್ಣ ಮೊದಲು ಮಡಕೆ ತೋರಿಸಿದ. ಮೇಡಂ ಅದರೊಳಗೆ ಕೈಯಿಟ್ಟು ಗೊಬ್ಬರ ಮೂಸಿ, ಒಳ್ಳೆ ಮಣ್ಣಿನ ವಾಸನೆ ಎಂದರು. ಅಧಿಕಾರಿ ದೂರದಿಂದಲೇ ಬರೆದುಕೊಂಡರು. ಆಮೇಲೆ ನಿಂಬೆಯ ಕನ್ನಡಿ, ಸೋಡಾದ ಬಚ್ಚಲು, ಅಂಗಿಯ ಚೀಲ. ಮುಖ್ಯವಾದದ್ದನ್ನು ಅವನು ಕೊನೆಗೆ ಇಟ್ಟುಕೊಂಡಿದ್ದ. ಕಪಾಟಿನ ಬಾಗಿಲು ತೆರೆಯುವ ಮೊದಲು ಗಂಟಲು ಸರಿಮಾಡಿಕೊಂಡು, ಅಶಿಸ್ತಿನ ಒಬ್ಬರನ್ನು ಬಿಟ್ಟರೆ ಈ ಬೀದಿಯಲ್ಲಿ ಒಂದು ಮುಚ್ಚಳವೂ ಮೂರು ವಾರದಿಂದ ಅಲುಗಿಲ್ಲ ಎಂದು ಘೋಷಿಸಿದ.

ಮೇಡಂ ಕಿವಿಯ ಮೇಲೆ ಕೈಯಿಟ್ಟು, "ಏನು ಅಲುಗಿಲ್ಲ ಅಂದ್ರಿ?" ಎಂದರು.

ಉತ್ತರ ಮೇಲಿನ ಮನೆಯಿಂದ ಬಂತು. ಢಮ್ ಎಂದಿತು. ಸೂರಿನಿಂದ ಸುಣ್ಣದ ಪುಡಿ ಉದುರಿ ಅಧಿಕಾರಿಯ ಫಾರಮಿನ ಮೇಲೆ ಬಿತ್ತು. ಹಿಂದೆಯೇ ಇನ್ನೊಂದು, ಮತ್ತೊಂದು. ಕಂಡಕ್ಟರ ಬಾಟಲಿಗಳು ಶಿಸ್ತಿನವು, ಒಂದಾದ ಮೇಲೆ ಒಂದರಂತೆ ಸಿಡಿದವು. ಐದನೆಯದಕ್ಕೆ ಫ್ಯಾನಿನ ರೆಕ್ಕೆ ಕಳಚಿ ಬಿದ್ದ ಸದ್ದೂ ಕೇಳಿತು.

ಅಧಿಕಾರಿ ಗ್ಯಾಸ್ ಸಿಲಿಂಡರ್ ಎಂದು ಕೂಗಿದರು. ಯಾರೋ ಬಾಂಬು ಎಂದರು. ದರ್ಜಿ ತನ್ನ ಹೊಲಿಗೆ ಯಂತ್ರದ ನೆನಪಾಗಿ ಎದುರುಮನೆಗೆ ಓಡಿದ. ಕಂಡಕ್ಟರು ಸೀಟಿ ಊದಿ, ಹಿಂದಿನವರು ಮೊದಲು ಇಳಿಯಿರಿ, ಮುಂದಿನವರು ಆಮೇಲೆ, ತಳ್ಳಬೇಡಿ ಎಂದು ಎರಡೇ ನಿಮಿಷದಲ್ಲಿ ಇಡೀ ಮನೆ ಖಾಲಿ ಮಾಡಿಸಿದರು. ತಮ್ಮ ಮನೆ ಸಿಡಿಯುತ್ತಿದ್ದರೂ ಅಷ್ಟು ನೆಟ್ಟಗೆ ಕೆಲಸ ಮಾಡಿದ ಮನುಷ್ಯನನ್ನು ಬೀದಿ ಅಂದು ಮೆಚ್ಚಿತು.

ರಸ್ತೆಯಲ್ಲಿ ನಿಂತು ಮೇಡಂ ಏದುಸಿರು ಬಿಡುತ್ತಾ ಕೇಳಿದ್ದು ಒಂದೇ ಪ್ರಶ್ನೆ. "ಮುಚ್ಚಳ ಆಗಾಗ ತೆಗೀತಿದ್ರಿ ತಾನೇ?"

ಇಲ್ಲ ಎಂದು ಇಡೀ ಬೀದಿ ಒಟ್ಟಿಗೆ ಹೇಳಿತು. ಪುಸ್ತಕದಲ್ಲಿ ತೆಗೆಯದಿರಿ ಅಂತ ಇದೆಯಲ್ಲ ಎಂದು ಕಂಡಕ್ಟರು ಜೇಬಿನಿಂದ ತಮ್ಮ ಪ್ರತಿ ತೆಗೆದು, ಪುಟ ಮಡಿಸಿ ಗುರುತಿಟ್ಟಿದ್ದನ್ನು ಬಿಚ್ಚಿ ತೋರಿಸಿದರು. ಮೇಡಂ ಕನ್ನಡಕ ಹಾಕಿಕೊಂಡು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

ಅವರು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಕೊಂಬಣ್ಣನಿಗೆ ಎಷ್ಟೋ ಸುಲಭವಾಗುತ್ತಿತ್ತು. ಪುಸ್ತಕ ಮುಚ್ಚಿ ಎದೆಗೆ ಹಿಡಿದುಕೊಂಡು, ಸಣ್ಣ ದನಿಯಲ್ಲಿ ಅಧಿಕಾರಿಗೆ ಹೇಳಿದರು. "ನನಗೆ ವಯಸ್ಸಾಯ್ತು. ನಾನೇ ಹೀಗೆ ಬರೆದೆನೇನೋ. ಉಳಿದ ಪ್ರತಿ ಎಲ್ಲಾ ವಾಪಸ್ ತೆಗೆದುಕೊಂಡುಬಿಡ್ತೀನಿ. ಇನ್ನು ಬರೆಯೋದು ಬೇಡ."

ಅಧಿಕಾರಿ ಅದನ್ನೇ ಫಾರಮಿನಲ್ಲಿ ಬರೆಯಲು ಪೆನ್ನು ತೆಗೆದರು. ಹೊಣೆ, ಪುಸ್ತಕ ಬರೆದವರದ್ದು. ಬೀದಿಯೂ ಹೂಂ ಎಂದಿತು. ಅದು ಅಲ್ಲಿಗೇ ಮುಗಿಯಬಹುದಿತ್ತು. ಅಕ್ಷರ ಜೋಡಿಸುವಾಕೆಯ ಮೇಲೆ ಹಾಕಿದರೂ ನಡೆಯುತ್ತಿತ್ತು. ಕೊಂಬಣ್ಣನ ಇಪ್ಪತ್ತೊಂಬತ್ತು ವರ್ಷಕ್ಕೆ ಒಂದು ಗೀರೂ ಬೀಳುತ್ತಿರಲಿಲ್ಲ, ಬೇರೆ ಪುಸ್ತಕದ ನಾಲ್ಕನೆಯ ಪುಟದಲ್ಲಿ ಎಂದಾದರೂ ಅವನ ಹೆಸರೂ ಬರುತ್ತಿತ್ತೇನೋ. ಕರಡು ಹಾಳೆ ಅಚ್ಚುಕೂಟದ ಕಪಾಟಿನಲ್ಲಿದೆ, ಅದನ್ನು ತೆಗೆದು ನೋಡುವವರು ಯಾರೂ ಇಲ್ಲ ಎಂಬುದು ಅವನೊಬ್ಬನಿಗೇ ಗೊತ್ತಿತ್ತು.

ಅವನು ಹೆಂಡತಿಯ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು, ಕುಕ್ಕರಿನ ಮುಚ್ಚಳವನ್ನು ನೋಡುವ ಹಾಗೆ.

"ಮೇಡಂ ಬರೆದದ್ದು ತೆಗೆಯಿರಿ ಅಂತ. ‘ದಿ’ ಸೇರಿಸಿದ್ದು ನಾನು. ಕೇಳಬೇಕಿತ್ತು, ಕೇಳಲಿಲ್ಲ" ಎಂದ ಕೊಂಬಣ್ಣ.

ಅದೇ ಹೊತ್ತಿಗೆ ಒಳಗಿನಿಂದ, ಮಂಚದ ಕೆಳಗಿನಿಂದ, ಢಬ್ ಎಂದಿತು. ಅವನ ಜೀವನದ ಅತ್ಯಂತ ಕಷ್ಟದ ವಾಕ್ಯಕ್ಕೆ ಅಷ್ಟು ದೊಡ್ಡ ಪೂರ್ಣವಿರಾಮ ಬೇಕಾಗಿತ್ತೇನೋ.

ಬೀದಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗದ್ದಲವೆದ್ದಿತು. ಒಂದೇ ಒಂದು ಅಕ್ಷರಕ್ಕೆ ನನ್ನ ಫ್ಯಾನು ಹೋಯಿತೇ ಎಂದು ಕಂಡಕ್ಟರು ತಲೆಯ ಮೇಲೆ ಕೈಹೊತ್ತರು. ಮುಚ್ಚಳ ತೆಗೆದಿದ್ದಕ್ಕೆ ಕಾಲು ಗಂಟೆ ಉಪದೇಶ ಕೇಳಿದ್ದ ದರ್ಜಿ, ತಾನು ಅಂದೇ ಸರಿಯಾಗಿದ್ದೆ ಎಂದು ಎಲ್ಲರಿಗೂ ಬಿಡಿಬಿಡಿಯಾಗಿ ನೆನಪಿಸಿದ. ಅವನ ಬಾಟಲಿಗಳಿಗೆ ಮಾತ್ರ ಹೊಟ್ಟೆ ಬಂದಿರಲಿಲ್ಲ. ಉಪದೇಶದ ಮೇಲೂ ಅವನು ಕದ್ದು ತೆಗೆದು ಮೂಸುತ್ತಲೇ ಇದ್ದನಂತೆ.

ಜಗಳ ಏರುವ ಮೊದಲೇ ಒಂದು ದನಿ ಎಲ್ಲರನ್ನೂ ಸುಮ್ಮನಾಗಿಸಿತು. ಮಾತು ಆಮೇಲೆ ಆಡಿ, ಒಳಗೆ ಇನ್ನೂ ಇಪ್ಪತ್ತೆರಡು ಇವೆ, ಬೀದಿಯಲ್ಲಿ ಎಷ್ಟಿವೆಯೋ ಲೆಕ್ಕ ಕೊಡಿ ಎಂದಳು ಕೊಂಬಣ್ಣನ ಹೆಂಡತಿ. ಅಂಗಡಿಗೆ ಹೋಗಿ ದಪ್ಪ ಕೈಗವಸು, ಕಣ್ಣಿಗೆ ಹಾಕುವ ಕನ್ನಡಕ, ಒಂದು ಗೋಣಿತಾಟು ತಂದಳು. ಅಧಿಕಾರಿ ಅಗ್ನಿಶಾಮಕ ದಳಕ್ಕೆ ಫೋನು ಹಚ್ಚುತ್ತಲೇ ಇದ್ದರು, ಅವಳು ಒಳಗೆ ಹೋಗಿಯಾಗಿತ್ತು. ಒದ್ದೆ ತಾಟನ್ನು ಬಾಟಲಿಗೆ ಹೊದಿಸಿ, ತಬ್ಬಿ ಹಿಡಿದು, ಮುಚ್ಚಳವನ್ನು ಕೂದಲೆಳೆಯಷ್ಟು ತಿರುಗಿಸಿ ನಿಲ್ಲಿಸುವುದು. ಸ್ಸ್ ಎಂದು ಗಾಳಿ ಹೋಗುವವರೆಗೂ ಕಾಯುವುದು. ಮತ್ತೆ ಕೂದಲೆಳೆಯಷ್ಟು. ಅವಸರವಿಲ್ಲ, ಮಾತಿಲ್ಲ. ಮಂಚದ ಕೆಳಗಿನವು ಮುಗಿದು, ಕಪಾಟಿನವು ಮುಗಿದು, ಅಟ್ಟದವು ಮುಗಿದು, ಮೇಲಿನ ಮನೆಯಲ್ಲಿ ಉಳಿದಿದ್ದ ಎರಡನ್ನು ಮುಗಿಸಿ, ಆಮೇಲೆ ಬೀದಿಯ ಒಂದೊಂದೇ ಮನೆ. ಕೊಂಬಣ್ಣ ತಾಟು ನೆನೆಸುವ ನೀರಿನ ಬಕೆಟ್ಟು ಹಿಡಿದು ಅವಳ ಹಿಂದೆ ಹಿಂದೆ ನಡೆದ. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಹೆಂಡತಿ ಕೆಲಸ ಮಾಡುವುದನ್ನು ಅವನು ನಿಂತು ನೋಡಿದ್ದು ಅದೇ ಮೊದಲು. ಅವನಿಗೆ ಹೆಮ್ಮೆಯಾಯಿತು, ತನ್ನ ಬಗ್ಗೆ ಎಂದೂ ಆಗಿರದಷ್ಟು ಹೆಮ್ಮೆ. ಮೂರನೆಯ ಮನೆಯಲ್ಲಿ ಅದನ್ನು ಹೇಳಿಯೂ ಬಿಟ್ಟ. ಬಕೆಟ್ಟು ನೆಟ್ಟಗೆ ಹಿಡೀರಿ ಎಂದಳು ಅವಳು, ಆದರೆ ನಕ್ಕಳು.

ಅಗ್ನಿಶಾಮಕ ದಳದವರು ಬಂದಾಗ ಆರಿಸುವುದಕ್ಕೆ ಏನೂ ಇರಲಿಲ್ಲ. ಬೀದಿಯೆಲ್ಲ ಕಿತ್ತಳೆಯ ಘಮ ತುಂಬಿತ್ತು. ಅಧಿಕಾರಿ ವರದಿ ಬರೆಯಲೇಬೇಕಿತ್ತು. ಫಾರಮಿನಲ್ಲಿ ಸಿಡಿದ ವಸ್ತುವಿನ ಹೆಸರು ಕೇಳಿದ್ದ ಕಡೆ ‘ನಿಂಬೆ ಸಿಪ್ಪೆ’ ಎಂದು ಬರೆದು, ಒಮ್ಮೆ ನಿಟ್ಟುಸಿರುಬಿಟ್ಟು, ಕಾರಣದ ಕಡೆ ‘ದಿ’ ಎಂದು ಬರೆದರು. ಪಕ್ಕದಲ್ಲಿ ನಿಂತಿದ್ದ ಕೊಂಬಣ್ಣನ ಕೈ ತುರಿಸತೊಡಗಿತು. ಮೇಲೆ ಅವರು ‘ಸ್ಫೋಟ’ವನ್ನು ‘ಸ್ಪೋಟ’ ಎಂದು ಬರೆದಿದ್ದರು. ಕೈ ಜೇಬಿನ ಕೆಂಪು ಪೆನ್ನಿನವರೆಗೂ ಹೋಯಿತು. ಅಲ್ಲೇ ನಿಂತಿತು.

"ಒಂದು ಸಂಶಯ ಇದೆ ಸಾರ್. ಕೇಳಬಹುದಾ?" ಎಂದ ಕೊಂಬಣ್ಣ. ಅದು ಅವನ ಮೊದಲ ಪ್ರಶ್ನಾರ್ಥಕ ಚಿಹ್ನೆ.

ಸೋಮವಾರ ಅಚ್ಚುಕೂಟದಲ್ಲಿ ಅವನೇ ಕರಡು ಹಾಳೆ ಹುಡುಕಿ ತೆಗೆದು ಯಜಮಾನರ ಮೇಜಿನ ಮೇಲೆ ಹರಡಿದ. ಕೆಂಪು ‘ದಿ’ ದುಂಡಗೆ ಕೂತಿತ್ತು. ಇದು ಎಂದಿನ ಹಾಗೆ ತನ್ನ ಮೇಲೆ ಬರುತ್ತದೆಂದು ಉತ್ತರ ಸಿದ್ಧಮಾಡಿಕೊಂಡಿದ್ದ ಅಕ್ಷರ ಜೋಡಿಸುವಾಕೆ ಬೇಕಾಗದೆ ಹೋದ ಉತ್ತರವನ್ನು ನುಂಗಿಕೊಂಡು, ಅವನಿಗೆ ಒಂದು ಲೋಟ ಚಹಾ ತಂದಿಟ್ಟಳು. ಅವನು ಕೇಳಿದ್ದು ಒಂದೇ. ಪುಸ್ತಕಗಳನ್ನು ವಾಪಸು ತರಿಸುವುದು ಬೇಡ, ತಪ್ಪು ಯಾವುದು ಒಪ್ಪು ಯಾವುದು ಎಂದು ತಿಳಿಸುವ ಒಂದು ಒಪ್ಪೋಲೆ ಅಚ್ಚು ಮಾಡಿ ಪ್ರತಿಯೊಂದರಲ್ಲೂ ಅಂಟಿಸೋಣ. ತಾನೇ ಬರೆದು ತಂದಿದ್ದ. ಪುಟ ನಲವತ್ತೇಳು, ಸಾಲು ಹನ್ನೊಂದರಲ್ಲಿ ‘ತೆಗೆಯದಿರಿ’ ಎಂಬುದನ್ನು ‘ತೆಗೆಯಿರಿ’ ಎಂದು ಓದಿಕೊಳ್ಳಬೇಕು. ಈ ತಪ್ಪು ಬರೆದವರದಲ್ಲ, ಜೋಡಿಸಿದವರದಲ್ಲ, ಕರಡು ತಿದ್ದಿದವರದು. ಕೆಳಗೆ ಅವನ ಹೆಸರು, ಪೂರ್ತಿಯಾಗಿ.

ಒಪ್ಪೋಲೆಯಲ್ಲಿ ಯಾರೂ ಹೆಸರು ಹಾಕಿಕೊಳ್ಳುವುದಿಲ್ಲ, ಅದನ್ನು ತೆಗೆದುಬಿಡು ಎಂದರು ಯಜಮಾನರು.

"ತೆಗೆದ ತಪ್ಪುಗಳಿಗೆಲ್ಲ ಹೆಸರಿಲ್ಲದೆ ಇಪ್ಪತ್ತೊಂಬತ್ತು ವರ್ಷ ಆಯ್ತು. ಹಾಕಿದ ತಪ್ಪು ಒಂದೇ. ಅದಕ್ಕಾದರೂ ಹೆಸರಿರಲಿ" ಎಂದ ಕೊಂಬಣ್ಣ.

ಯಜಮಾನರು ಅವನ ಮುಖ ನೋಡಿದರು, ಚೀಟಿ ನೋಡಿದರು, ಅಚ್ಚಿಗೆ ಕೊಡು ಎಂದರು. ಕರಡನ್ನು ಅವನು ನಿಯಮದಂತೆ ಮೂರು ಸಲ ಓದಿದ. ಹೆಸರಿದ್ದ ಸಾಲನ್ನು ನಾಲ್ಕು ಸಲ. ಸರಿಯಾಗಿಯೇ ಇತ್ತು.

ಅಂಗಡಿಗಳಿಗೆ ಹೋಗಿದ್ದ ಪ್ರತಿಗಳಿಗೆಲ್ಲ ಅಚ್ಚುಕೂಟದವರು ಚೀಟಿ ಅಂಟಿಸಿದರು. ತನ್ನ ಬೀದಿಯ ಪ್ರತಿಗಳನ್ನು ಕೊಂಬಣ್ಣ ಬೇರೆಯವರಿಗೆ ಬಿಡಲಿಲ್ಲ. ಮನೆಮನೆಗೆ ಹೋಗಿ, ಬೈಗುಳವಿದ್ದ ಕಡೆ ಕೇಳಿಸಿಕೊಂಡು, ಚಹಾ ಇದ್ದ ಕಡೆ ಕುಡಿದು, ಚೀಟಿ ಅಂಟಿಸಿ, ಸಾಲದ್ದಕ್ಕೆ ಸಾಲು ಹನ್ನೊಂದರ ‘ದಿ’ಯನ್ನು ಕೆಂಪು ಪೆನ್ನಿನಿಂದ ಹೊಡೆದು ಹಾಕಿ, ಕಿತ್ತಿದ್ದ ಗುಡಿಸನ್ನು ‘ಯ’ದ ತಲೆಗೆ ಮರಳಿಸಿದ. ಕಂಡಕ್ಟರ ಮನೆಯಲ್ಲಿ ಒಂದು ಹೊಸ ಫ್ಯಾನನ್ನೂ ನೇತುಹಾಕಿಸಿದ. ಮೇಡಂ ತಮ್ಮ ಪ್ರತಿಯನ್ನು ತಾವೇ ತಂದರು. ಅವರು ಪುಸ್ತಕ ವಾಪಸು ಪಡೆದಿರಲಿಲ್ಲ, ಬರೆಯುವುದನ್ನೂ ಬಿಟ್ಟಿರಲಿಲ್ಲ. ಚೀಲದಲ್ಲಿ ಮುಂದಿನ ಪುಸ್ತಕದ ಹಸ್ತಪ್ರತಿ ಇತ್ತು. ಇದನ್ನು ನೀವೇ ತಿದ್ದಬೇಕು, ಎಷ್ಟು ಪ್ರಶ್ನೆ ಬೇಕಾದರೂ ಕೇಳಿ ಎಂದು ಅವನ ಕೈಗಿಟ್ಟು, ಫೋನ್ ನಂಬರನ್ನು ಇನ್ನೊಮ್ಮೆ ದಪ್ಪಗೆ ಬರೆದು ಹೋದರು.

ಮಾದರಿ ಮನೆಯ ಫಲಕ ಬರಲಿಲ್ಲ. ಅಧಿಕಾರಿ ಆ ಬೀದಿಯ ಕಡೆ ಮತ್ತೆ ತಲೆ ಹಾಕಲಿಲ್ಲ. ಆದರೆ ಜನ ಬಾಟಲಿ ಬಿಡಲಿಲ್ಲ. ಇಷ್ಟು ಕಷ್ಟಪಟ್ಟ ಮೇಲೆ ಆ ದ್ರಾವಣ ಹೇಗಿರುತ್ತದೋ ನೋಡಿಯೇ ಬಿಡೋಣ ಎಂಬ ಹಟ ಎಲ್ಲರಿಗೂ ಹಿಡಿದಿತ್ತು. ಯಾರಿಗೂ ಮರೆಯದಿರಲಿ ಎಂದು ಕಂಡಕ್ಟರು ಒಂದು ವ್ಯವಸ್ಥೆ ಮಾಡಿದರು. ದಿನಾ ಬೆಳಿಗ್ಗೆ ಏಳು ಗಂಟೆಗೆ ಮೇಲಿನ ಕಿಟಕಿಯಿಂದ ಒಂದು ಸೀಟಿ.

ಮೊದಲ ಬೆಳಿಗ್ಗೆ ಕೊಂಬಣ್ಣ ಮೆಟ್ಟಿಲ ಮೇಲೆ ನಿಂತಿದ್ದ. ಒಳಗೆ ಹೆಂಡತಿ ಬಾಟಲಿಯ ಮೇಲೆ ಅಂಗೈ ಇಟ್ಟು ಕಾಯುತ್ತಿದ್ದಳು. ಸೀಟಿ ಕೇಳಿತು. ಮೊದಲು ಅವರ ಮನೆಯಿಂದ, ಆಮೇಲೆ ಮೇಲಿನ ಮನೆಯಿಂದ, ದರ್ಜಿಯ ಮನೆಯಿಂದ, ತಿರುವಿನಾಚೆಯ ಮನೆಗಳಿಂದ, ಇಡೀ ಬೀದಿಯ ಉದ್ದಕ್ಕೂ ಸ್ಸ್, ಸ್ಸ್ ಎಂದು ಮುಚ್ಚಳಗಳು ಬಿಚ್ಚಿಕೊಂಡವು. ನೂರಾರು ಪುಸ್ತಕ ತಿದ್ದಿದ ಮನುಷ್ಯ. ತಾನು ತಿದ್ದಿದ್ದನ್ನು ಜನ ಓದಿ, ಓದಿದಂತೆ ಮಾಡುವ ಸದ್ದನ್ನು ಅವನ ಕಿವಿ ಕೇಳಿದ್ದು ಅದೇ ಮೊದಲು. ಅವನ ಎದೆ ತನ್ನಷ್ಟಕ್ಕೆ ಉಬ್ಬಿತು.

ಹೆಂಡತಿ ಬಾಗಿಲಿಗೆ ಬಂದು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಮತ್ತೆ ಕೊಂಬು ಬಂತಾ?" ಎಂದಳು.

"ಇಲ್ಲ ಕಣೇ, ಒಂದು ‘ದಿ’ ಹೋಯ್ತು" ಎಂದ ಕೊಂಬಣ್ಣ. ಹೇಳಿ ಒಳಗೆ ಬಂದು, ಅವಳ ಅಂಗಡಿಯ ಹಲಗೆಯ ‘ಪೇ’ಗೆ ಒಂದು ದೀರ್ಘ ಕೊಡಲೇ ಎಂದು ಅವಳನ್ನೇ ಕೇಳಿದ.